ನಾನೂರ ಏಳರ ಮೀಮಾಂಸೆ

ಯಾವ ಶಾಸ್ತ್ರವೇ ಇರಲಿ, ಓದಲು ಕೂತವನಿಗೆ ನಾಲ್ಕು ಸಂಗತಿಗಳನ್ನು ಮೊದಲೇ ತಿಳಿಸಿಬಿಡಬೇಕೆಂಬುದು ಹಿಂದಿನವರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಇಲ್ಲಿ ವಿಷಯವೆಂದರೆ ಕಚೇರಿಯ ಪ್ರಾಕ್ಸಿ ಸರ್ವರಿನ ಮೂಲಕ ಬ್ರೌಸರನ್ನು ಲಾಗಿನ್ ಮಾಡಿಸುವುದು. ಪ್ರಯೋಜನ, ಒಂದು ಪುಟ ತೆರೆದುಕೊಳ್ಳುವುದು. ಸಂಬಂಧ ಎಂಬುದು ಗ್ರಂಥಕ್ಕೂ ಪ್ರಯೋಜನಕ್ಕೂ ನಡುವೆ ಇರತಕ್ಕದ್ದು. ನಮ್ಮ ಗ್ರಂಥದಲ್ಲಿ ಅದು ಇಲ್ಲ. ಇನ್ನು ಅಧಿಕಾರಿ. ವೇದಾಂತ ಓದಲು ಶಮ, ದಮ, ಉಪರತಿ, ತಿತಿಕ್ಷೆ ಮೊದಲಾದ ಸಂಪತ್ತುಳ್ಳವನೇ ಅಧಿಕಾರಿ. ಈ ಶಾಸ್ತ್ರಕ್ಕೂ ಅವೇ ಬೇಕು, ತಿತಿಕ್ಷೆ ಒಂದು ಹಿಡಿ ಹೆಚ್ಚು. ಆದರೆ ಕಚೇರಿಯಲ್ಲಿ ಅಧಿಕಾರಿ ಎನಿಸಿಕೊಂಡವರು ಬೇರೆಯೇ ಇದ್ದಾರೆ. ಅವರ ಕಂಪ್ಯೂಟರಿಗೆ ಪ್ರಾಕ್ಸಿ ಇರುವುದಿಲ್ಲ.

ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರವನ್ನೂ ತಾನೇ ರಚಿಸಿ ವೃತ್ತಿಯನ್ನೂ ತಾನೇ ಬರೆದ. ಮುಂದಿನವರು ತಪ್ಪು ಅರ್ಥ ಹಚ್ಚಿಯಾರೆಂಬ ಆತಂಕ ಅವನಿಗಿದ್ದಿರಬೇಕು. ನಮಗೆ ಓದುವವರೇ ಇಲ್ಲವಾದ್ದರಿಂದ ಆ ಆತಂಕವಿಲ್ಲ. ಆದರೂ ಹಿರಿಯರ ಪದ್ಧತಿ ಬಿಡಬಾರದೆಂದು ಸೂತ್ರ, ವೃತ್ತಿ ಎರಡನ್ನೂ ಅಲ್ಲಲ್ಲಿ ಇಟ್ಟಿದ್ದೇವೆ.

ಮೊದಲು ಕಾಲನಿರ್ಣಯ. ಕವಿಚರಿತೆಯಲ್ಲಿ ಇರುವಷ್ಟು ಜಗಳ ಇಲ್ಲಿಲ್ಲ. 1994ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯ ಆರಿ ಲುವೊಟೊನೆನ್, ಕೆವಿನ್ ಆಲ್ಟಿಸ್ ಎಂಬವರ ಜೊತೆಗೂಡಿ ವೆಬ್ ಪ್ರಾಕ್ಸಿಗಳ ಮೇಲೆ ಒಂದು ಪ್ರಬಂಧ ಬರೆದರು. ಫೈರ್‌ವಾಲ್ ಎಂಬ ಕೋಟೆಗೋಡೆಯೊಳಗೆ ಸಿಕ್ಕಿಬಿದ್ದವರಿಗೆ ಹೊರಜಗತ್ತಿನ ವೆಬ್ ಕಾಣುವಂತೆ ಮಾಡುವುದು ಅದರ ಮುಖ್ಯ ಉದ್ದೇಶ. ಈ ಮಾತನ್ನು ಓದುಗರು ಇನ್ನೊಮ್ಮೆ ಓದಬೇಕು. ಪ್ರಾಕ್ಸಿ ಹುಟ್ಟಿದ್ದು ಜನರನ್ನು ಹೊರಗೆ ಬಿಡಲಿಕ್ಕೆ. ಜೊತೆಗೆ ಇನ್ನೊಂದು ಉಪಕಾರವನ್ನೂ ಅದು ಮಾಡುತ್ತಿತ್ತು: ಒಬ್ಬರು ತರಿಸಿದ ಪುಟವನ್ನು ತನ್ನಲ್ಲಿಟ್ಟುಕೊಂಡು ಮತ್ತೊಬ್ಬರು ಕೇಳಿದಾಗ ಅದನ್ನೇ ಕೊಡುವುದು. ತಂತಿ ಸಣ್ಣದಿದ್ದ ಕಾಲದಲ್ಲಿ ಅದು ದೊಡ್ಡ ಉಪಕಾರವೇ. ಈಗ ಬಹುಪಾಲು ಪುಟಗಳು ಎಚ್‌ಟಿಟಿಪಿಎಸ್ ಎಂಬ ಮೊಹರಿನೊಳಗೆ ಬರುವುದರಿಂದ ಒಳಗೇನಿದೆಯೆಂದು ಪ್ರಾಕ್ಸಿಗೆ ಕಾಣುವುದಿಲ್ಲ, ಕಾಣದ್ದನ್ನು ಎತ್ತಿಡಲಾಗುವುದಿಲ್ಲ. ಹೀಗೆ ಹುಟ್ಟಿದ ಉದ್ದೇಶ ಮರೆತು, ಕಲಿತ ಕಸುಬೂ ಕೈಬಿಟ್ಟು, ಅದಕ್ಕೆ ಉಳಿದದ್ದು ಎರಡೇ ಕೆಲಸ: ನೀನು ಯಾರೆಂದು ಕೇಳುವುದು, ಎಲ್ಲಿಗೆ ಹೋದೆಯೆಂದು ಬರೆದಿಡುವುದು.

1996ರಲ್ಲಿ ಸ್ಕ್ವಿಡ್ ಎಂಬ ಪ್ರಾಕ್ಸಿ ಬಂತು. ಇಂದಿಗೂ ಜೀವಂತವಾಗಿರುವ ಅದರ ವಾಸಸ್ಥಾನ 3128ನೇ ಪೋರ್ಟ್. ಮಲ್ಪೆ ಬಂದರಿನಲ್ಲಿ ಬೊಂಡಾಸ್ ಎಂದು ಕರೆಸಿಕೊಂಡು ಬುಟ್ಟಿಯಲ್ಲಿ ಬರುವ ಪ್ರಾಣಿಯ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಆ ಪ್ರಾಣಿ ಹೆದರಿದಾಗ ಮಸಿ ಉಗುಳಿ ತಾನೆಲ್ಲಿದ್ದೇನೆಂದು ತಿಳಿಯದಂತೆ ಮಾಡುತ್ತದೆ. ಪ್ರಾಕ್ಸಿಯ ದೋಷಸಂದೇಶಗಳನ್ನು ಓದಿದವರಿಗೆ ಈ ನಾಮಕರಣದಲ್ಲಿ ಅನೌಚಿತ್ಯವೇನೂ ಕಾಣುವುದಿಲ್ಲ. ಮರುವರ್ಷ, 1997ರ ಜನವರಿಯಲ್ಲಿ, ಎಚ್‌ಟಿಟಿಪಿಯ 1.1ನೇ ಆವೃತ್ತಿಯ ನಿಯಮಗ್ರಂಥ ಹೊರಬಂತು. ನಮ್ಮ ನಾಯಕನ ಜನನ ಅದರಲ್ಲಿ. ಹೆಸರು 407.

ಸೂತ್ರ: ಕೇಳಿದರೆ ನಾನೂರ ಏಳು, ತಳ್ಳಿದರೆ ನಾನೂರ ಮೂರು.

ವೃತ್ತಿ: ಪುಟದ ಒಡೆಯನೇ ನಿನ್ನ ಗುರುತು ಕೇಳಿದರೆ ಅದು 401. ನಡುದಾರಿಯಲ್ಲಿ ನಿಂತವನು ಕೇಳಿದರೆ 407. ಯಾರೆಂದು ಗೊತ್ತಿದ್ದೂ ಬಿಡದಿದ್ದರೆ, ಅಥವಾ ಯಾರಾದರೂ ಸರಿ ಬಿಡುವುದಿಲ್ಲವೆಂದರೆ, 403. ಇಲ್ಲೊಂದು ಪೂರ್ವಪಕ್ಷವಿದೆ. ವೈಕುಂಠದ ಬಾಗಿಲಿನಲ್ಲಿ ಜಯವಿಜಯರು ಸನಕಾದಿಗಳನ್ನು ತಡೆದ ಪ್ರಸಂಗವೇ 407ರ ಮೂಲವೆಂದು ಕೆಲವರ ವಾದ. ಭಾಗವತದಲ್ಲಿ ಆ ಮುನಿಗಳು ಆರು ಬಾಗಿಲು ದಾಟಿ ಏಳನೆಯದರಲ್ಲಿ ಸಿಕ್ಕಿಬೀಳುತ್ತಾರೆ. ಮುನಿಗಳು ನಾಲ್ವರು, ಒಳಗೆ ಹೋದವರು ಸೊನ್ನೆ, ಬಾಗಿಲು ಏಳನೆಯದು. ಇನ್ನೇನು ಪ್ರಮಾಣ ಬೇಕು ಎನ್ನುತ್ತಾರೆ. ಸಿದ್ಧಾಂತ ಹೀಗಿದೆ: ಅಂಕಿ ಹೊಂದಿದ ಮಾತ್ರಕ್ಕೆ ಅರ್ಥ ಹೊಂದುವುದಿಲ್ಲ. ಜಯವಿಜಯರು ಹೆಸರನ್ನೂ ಕೇಳಲಿಲ್ಲ, ಗುರುತನ್ನೂ ಕೇಳಲಿಲ್ಲ, ಬೆತ್ತ ಅಡ್ಡ ಹಿಡಿದರು. ಇದು ನಿಸ್ಸಂದೇಹವಾಗಿ 403. ಅವರು ಸಕಾಲದಲ್ಲಿ 407 ಕೊಟ್ಟು, ನಾಲ್ವರು ಮುನಿಗಳಿಂದ ಒಂದೊಂದು ಫಾರಂ ತುಂಬಿಸಿಕೊಂಡಿದ್ದರೆ ಹಿರಣ್ಯಾಕ್ಷ ಹಿರಣ್ಯಕಶಿಪುಗಳಿಂದ ಶಿಶುಪಾಲ ದಂತವಕ್ರರವರೆಗಿನ ಮೂರು ಜನ್ಮಗಳ ಓಡಾಟ ಉಳಿಯುತ್ತಿತ್ತು. ಮುನಿಗಳು ಫಾರಂ ತುಂಬುತ್ತಾ ಈಗಲೂ ಅಲ್ಲೇ ಇರುತ್ತಿದ್ದರು.

407 ಬಂದೊಡನೆ ಬ್ರೌಸರು ಒಂದು ಸಣ್ಣ ಪೆಟ್ಟಿಗೆಯನ್ನು ಮುಂದೊಡ್ಡುತ್ತದೆ. ಎರಡು ಖಾಲಿ ಜಾಗ, ಎರಡು ಗುಂಡಿ. ನಿನ್ನೆ ತೆರೆದಿದ್ದ ಟ್ಯಾಬುಗಳನ್ನೆಲ್ಲ ಬೆಳಿಗ್ಗೆ ಮತ್ತೆ ತೆರೆಯುವಂತೆ ಹೊಂದಿಸಿಟ್ಟವರಿಗೆ ಒಂದೊಂದು ಟ್ಯಾಬೂ ತನ್ನದೇ ಪೆಟ್ಟಿಗೆ ಹಿಡಿದು ಬರುವುದುಂಟು. ಒಂದಕ್ಕೆ ಹೇಳಿದ್ದು ಇನ್ನೊಂದರ ಕಿವಿಗೆ ಬಿದ್ದಿರುವುದಿಲ್ಲ. ಈ ಪೆಟ್ಟಿಗೆಯ ಹಿಂದೆ ಯಾವ ಮತದ ಪ್ರಾಕ್ಸಿ ಕೂತಿದೆಯೆಂಬುದರ ಮೇಲೆ ಮುಂದಿನ ಗತಿ ನಿಂತಿದೆ. ಮತಗಳು ನಾಲ್ಕು.

ಬೇಸಿಕ್ ಮತ ಎಲ್ಲಕ್ಕಿಂತ ಹಳೆಯದು. ಹೆಸರು, ಅದರ ಮುಂದೆ ವಿಸರ್ಗದಂತೆ ಎರಡು ಚುಕ್ಕೆ, ಆಮೇಲೆ ಪಾಸ್‌ವರ್ಡ್. ಇವಿಷ್ಟನ್ನೂ ಬೇಸ್‌64 ಎಂಬ ಲಿಪಿಗೆ ಬದಲಿಸಿ ಕಳಿಸಿಬಿಟ್ಟರೆ ಆಯಿತು. ಮೂರು ಅಕ್ಷರ ಹಾಕಿದರೆ ನಾಲ್ಕಾಗಿ ಬರುತ್ತದೆ. ನೋಡಿದವರಿಗೆ ಭಾರೀ ಗುಪ್ತಭಾಷೆಯಂತೆ ಕಾಣುತ್ತದೆ, ಆದರೆ ಬೀಗವೂ ಇಲ್ಲ, ಕೀಲಿಯೂ ಇಲ್ಲ. ಯಾರು ಬೇಕಾದರೂ ತಿರುಗಿಸಿ ಓದಬಹುದು. ಈ ಮತದ ಪ್ರಮಾಣಗ್ರಂಥ 1996ರ ಮೇ ತಿಂಗಳ ಆರ್‌ಎಫ್‌ಸಿ 1945. ಅದರಲ್ಲಿ ಬರುವ ಉದಾಹರಣೆಯನ್ನು ನಮ್ಮಲ್ಲಿ ಯಾರೂ ಸರಿಯಾಗಿ ಪರಾಮರ್ಶಿಸಿಲ್ಲವೆಂಬುದು ಈ ಲೇಖಕನ ಬಹುದಿನದ ಕೊರಗು. ಉದಾಹರಣೆಯಲ್ಲಿ ಲಾಗಿನ್ ಆಗುವವನ ಹೆಸರು ಅಲ್ಲಾವುದ್ದೀನ್. ಅವನ ಪಾಸ್‌ವರ್ಡು, ಎಳ್ಳಿನ ಹೆಸರು ಹೇಳಿ ಗುಹೆಯ ಬಾಗಿಲು ತೆರೆಸುವ ಆ ಜಗತ್ಪ್ರಸಿದ್ಧ ಮಾತು.

ಓದುಗರಲ್ಲಿ ಮಕ್ಕಳಿದ್ದರೆ ಈಗಾಗಲೇ ಕೈಯೆತ್ತಿರುತ್ತಾರೆ. ಆ ಮಾತು ಅಲ್ಲಾವುದ್ದೀನನದಲ್ಲ, ಆಲಿಬಾಬಾನದು. ಅಲ್ಲಾವುದ್ದೀನನಿಗೆ ಇದ್ದದ್ದು ದೀಪ. ದೀಪ ತಿಕ್ಕಲು ಪಾಸ್‌ವರ್ಡ್ ಬೇಕಿಲ್ಲ. ಈ ಪಾಠದೋಷ 1999ರ ಪರಿಷ್ಕರಣದಲ್ಲೂ ಉಳಿಯಿತು, 2015ರ ಪರಿಷ್ಕರಣದಲ್ಲೂ ಉಳಿಯಿತು. ವಿಷಯ ಇಷ್ಟಕ್ಕೇ ನಿಲ್ಲುವುದಿಲ್ಲ. ಸಾವಿರದೊಂದು ರಾತ್ರಿಗಳ ಹಳೆಯ ಅರಬ್ಬಿ ಹಸ್ತಪ್ರತಿಗಳಲ್ಲಿ ಇವೆರಡು ಕಥೆಗಳೂ ಇಲ್ಲ. ಫ್ರೆಂಚ್ ಅನುವಾದಕ ಆಂತ್ವಾನ್ ಗಲಾಂ 1709ರಲ್ಲಿ ಅಲೆಪ್ಪೊದಿಂದ ಬಂದಿದ್ದ ಹನ್ನಾ ದಿಯಾಬ್ ಎಂಬ ಕಥೆಗಾರನಿಂದ ಕೇಳಿ ಸೇರಿಸಿದ್ದು. ಅಂದರೆ ನಮ್ಮ ಗ್ರಂಥಸಂಪಾದಕರ ಭಾಷೆಯಲ್ಲಿ ಎರಡೂ ಪ್ರಕ್ಷಿಪ್ತ. ಒಂದು ಪ್ರಕ್ಷಿಪ್ತ ಕಥೆಯ ನಾಯಕ ಇನ್ನೊಂದು ಪ್ರಕ್ಷಿಪ್ತ ಕಥೆಯ ಗುಹೆಗೆ ಲಾಗಿನ್ ಆಗುತ್ತಿದ್ದಾನೆ, ಮತ್ತು ಗುಹೆ ತೆರೆಯುತ್ತಿದೆ.

ಇದಕ್ಕೆ ಏನು ಸಮಾಧಾನ? ಲಿಪಿಕಾರನ ಕೈತಪ್ಪು ಎನ್ನುವುದು ಸುಲಭದ ಮಾತು, ಆದ್ದರಿಂದ ತ್ಯಾಜ್ಯ. ಈ ಲೇಖಕನ ಮತದಲ್ಲಿ ಬರೆದವರು ಕಚೇರಿಯ ಜೀವನವನ್ನು ಹತ್ತಿರದಿಂದ ಕಂಡವರು. ಸ್ವಂತ ಖಾತೆ ಲಾಕ್ ಆದ ದಿನ ಪಕ್ಕದ ಮೇಜಿನವರ ಪಾಸ್‌ವರ್ಡು ಕೇಳಿ ಕೆಲಸ ಮುಗಿಸುವುದು ಎಲ್ಲ ಕಚೇರಿಗಳಲ್ಲೂ ಇರುವ ಶಿಷ್ಟಾಚಾರ. ಅಲ್ಲಾವುದ್ದೀನ್ ಆವತ್ತು ಮಾಡಿದ್ದೂ ಅದೇ. ಖಾತೆ ಲಾಕ್ ಆಗುವ ವಿಚಾರವೂ ಅದೇ ಕಥೆಯಲ್ಲಿ ಕೂಲಂಕಷವಾಗಿ ಚರ್ಚಿತವಾಗಿದೆ. ಆಲಿಬಾಬಾನ ಅಣ್ಣ ಕಾಸಿಮ್ ಗುಹೆಯೊಳಗೆ ಹೋದ ಮೇಲೆ ಎಳ್ಳು ಮರೆತು ಬಾರ್ಲಿ ಎಂದ, ಇನ್ನೂ ಯಾವ್ಯಾವುದೋ ಧಾನ್ಯಗಳ ಹೆಸರು ಹೇಳಿ ನೋಡಿದ. ತಪ್ಪು ಎಳ್ಳಷ್ಟು, ಬಾಗಿಲು ತೆರೆಯಲಿಲ್ಲ. ಹೊರಗಿನಿಂದ ಬಂದವರು ಅವನನ್ನು ನಾಲ್ಕು ತುಂಡು ಮಾಡಿದರು. ನಮ್ಮ ಕಚೇರಿಗಳಲ್ಲಿ ಖಾತೆಯನ್ನು ಮಾತ್ರ ಮುಚ್ಚುತ್ತಾರೆ. ನಾಗರಿಕತೆ ಮುಂದುವರಿದಿದೆ.

ಎರಡನೆಯದು ಡೈಜೆಸ್ಟ್ ಮತ. ಪಾಸ್‌ವರ್ಡನ್ನು ಕಳಿಸದೆ ಅದನ್ನು ಅರೆದು ಬಂದ ರಸವನ್ನು ಮಾತ್ರ ಕಳಿಸುವುದು ಇದರ ಕ್ರಮ. ಪ್ರಮಾಣಗ್ರಂಥದ ಉದಾಹರಣೆಯಲ್ಲಿ ಲಾಗಿನ್ ಆಗುವವನು ಮುಫಾಸಾ, 1994ರ ಲಯನ್ ಕಿಂಗ್ ಚಲನಚಿತ್ರದ ಸಿಂಹರಾಜ. ಪಾಸ್‌ವರ್ಡು ಅದೇ ಚಿತ್ರದ ಹಾಡಿನ ಹೆಸರು. ಚಿತ್ರದ ಅರ್ಧದೊಳಗೆ ಮುಫಾಸಾ ಸಾಯುತ್ತಾನೆ. 2015ರ ಪರಿಷ್ಕೃತ ಗ್ರಂಥದಲ್ಲೂ ಅವನ ಖಾತೆ ಚಾಲ್ತಿಯಲ್ಲಿದೆ. ಹೋದವರ ಖಾತೆ ತೆಗೆಯದೆ ಬಿಟ್ಟಿರುವುದು ಕಚೇರಿಯ ಅನುಭವವಿದ್ದವರಿಗೆ ಅಚ್ಚರಿಯಲ್ಲ. ಈ ಮತಕ್ಕೆ ಈಗ ಅನುಯಾಯಿಗಳು ಕಡಿಮೆ.

ಮೂರನೆಯದು ಮೈಕ್ರೋಸಾಫ್ಟಿನ ಎನ್‌ಟಿಎಲ್‌ಎಂ. ಇದರಲ್ಲಿ ಮೊದಲು ಬ್ರೌಸರು ಬರಿಗೈಯಲ್ಲಿ ಹೋಗಿ 407 ಪಡೆಯುತ್ತದೆ. ಬಂದಿದ್ದೇನೆ ಎಂದು ಹೇಳಿಕೊಂಡು ಮತ್ತೆ ಹೋಗುತ್ತದೆ. ಈ ಸಲವೂ 407, ಆದರೆ ಜೊತೆಗೊಂದು ಸವಾಲಿನ ಸಂಖ್ಯೆ. ಆ ಸಂಖ್ಯೆಯನ್ನು ಪಾಸ್‌ವರ್ಡಿನೊಂದಿಗೆ ಕಲಸಿ ಉತ್ತರ ಕೊಟ್ಟ ಮೇಲೆ ಮೂರನೆಯ ಬಾರಿಗೆ ಒಳಗೆ. ಊಟಕ್ಕೆ ಏಳಿ ಎಂದರೆ ಎರಡು ಸಲ ಬೇಡ ಬೇಡ ಎಂದು ಮೂರನೆಯ ಸಲಕ್ಕೆ ಎಲೆಯ ಮುಂದೆ ಕೂರುವ ನೆಂಟರ ಮರ್ಯಾದೆಯೇ ಇದು, ನಿರಾಕರಣೆಯೆಂದು ಬಗೆಯಬಾರದು. ಪ್ರಾಕ್ಸಿಯ ದಾಖಲೆಯಲ್ಲಿ ಸಾಲುಸಾಲು 407 ನೋಡಿ ಎದೆಯೊಡೆದುಕೊಳ್ಳುವ ಹೊಸ ಎಂಜಿನಿಯರುಗಳಿಗೆ ಇದನ್ನು ಯಾರಾದರೂ ಮೊದಲ ದಿನವೇ ಹೇಳಿಕೊಡಬೇಕು. ಈ ಮತದಲ್ಲಿ ಹೆಸರಿನ ಮುಂದೆ ಡೊಮೈನು, ನಡುವೆ ಓರೆಗೆರೆ ಹಾಕುವ ವಿಧಿಯೂ ಇದೆ. ಗೆರೆ ಎಡಕ್ಕೆ ಬಾಗಬೇಕೋ ಬಲಕ್ಕೋ ಎಂಬಲ್ಲಿ ಎಡಗೆರೆ, ಬಲಗೆರೆ ಎಂಬ ಎರಡು ಪಂಗಡಗಳುಂಟು. ಎರಡನೆಯವರು ಒಳಗೆ ಹೋದ ದಾಖಲೆ ಇಲ್ಲ.

ನಾಲ್ಕನೆಯದು ಕೆರ್ಬೆರೋಸ್. ಇದು ಶಿಷ್ಟರ ಮತ. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆಯಲ್ಲಿ ಇದು ಹುಟ್ಟಿತು. ಇದರ ತತ್ತ್ವವನ್ನು ವಿವರಿಸಲು ಬಿಲ್ ಬ್ರಯಂಟ್ ಎಂಬವರು 1988ರಲ್ಲಿ ನಾಲ್ಕು ದೃಶ್ಯಗಳ ಒಂದು ಸಂವಾದವನ್ನೇ ಬರೆದರು. ಪಾತ್ರಗಳು ಅಥೀನಾ, ಯೂರಿಪಿಡೀಸ್. ಅಥೀನಾ ಒಂದು ಉಪಾಯ ಹೇಳುವುದು, ಯೂರಿಪಿಡೀಸ್ ಅದರಲ್ಲಿ ತೂತು ತೋರಿಸುವುದು, ಅವಳು ಹೋಗಿ ಇನ್ನೊಂದು ಉಪಾಯ ತರುವುದು. ನಮ್ಮ ತಾಳಮದ್ದಳೆಯ ಅರ್ಥಧಾರಿಗಳ ಕೈಗೆ ಇದು ಸಿಕ್ಕಿದ್ದರೆ ನಾಲ್ಕು ದೃಶ್ಯದಲ್ಲಿ ಮುಗಿಯುತ್ತಿರಲಿಲ್ಲ, ಬೆಳಗಾಗುತ್ತಿತ್ತು.

ಕೆರ್ಬೆರೋಸ್ ಎಂದರೆ ಗ್ರೀಕರ ಪಾತಾಳದ ಬಾಗಿಲು ಕಾಯುವ ನಾಯಿ. ತಲೆ ಮೂರು, ಆದ್ದರಿಂದ ಕಣ್ಣು ಆರು. ಹೆಸಿಯೋಡ್ ಕವಿ 50 ತಲೆ ಎನ್ನುತ್ತಾನೆ. ಅಷ್ಟಕ್ಕೆ ಲೈಸೆನ್ಸ್ ತೆಗೆದುಕೊಳ್ಳಲು ಯಾವ ಕಚೇರಿಯ ಬಜೆಟ್ಟೂ ಸಾಲದೆಂದು ಬಿಟ್ಟಿರಬೇಕು. ನಮ್ಮಲ್ಲಿ ಋಗ್ವೇದದ ಹತ್ತನೆಯ ಮಂಡಲದಲ್ಲಿ ಯಮನ ದಾರಿ ಕಾಯುವ ನಾಯಿಗಳು ಎರಡು, ಒಂದೊಂದಕ್ಕೆ ನಾಲ್ಕು ಕಣ್ಣು, ಒಟ್ಟು ಎಂಟು. ಆರಕ್ಕಿಂತ ಎಂಟು ಹೆಚ್ಚಾದ್ದರಿಂದಲೂ, ಎರಡು ಯಂತ್ರಗಳಿದ್ದರೆ ಒಂದು ಕೆಟ್ಟಾಗ ಇನ್ನೊಂದು ನಡೆಯುವುದರಿಂದಲೂ ವೈದಿಕ ಪದ್ಧತಿಯೇ ಮೇಲೆಂದು ಒಂದು ವಾದ ಇಷ್ಟರಲ್ಲೇ ಹುಟ್ಟಬಹುದು. ಅದಕ್ಕೆ ಮುಂಚೆ ನಾವೇ ಹುಟ್ಟಿಸಿ ಖಂಡಿಸಿಬಿಡುತ್ತೇವೆ: ಯಮನ ನಾಯಿಗಳು ಟಿಕೆಟ್ ಕೊಡುವುದಿಲ್ಲ.

ಟಿಕೆಟ್ಟೇ ಈ ಮತದ ಜೀವಾಳ. ಬೆಳಿಗ್ಗೆ ಒಮ್ಮೆ ಗುರುತು ತೋರಿಸಿದರೆ ಒಂದು ಟಿಕೆಟ್ ಸಿಗುತ್ತದೆ. ಆಮೇಲೆ ಪಾಸ್‌ವರ್ಡಿನ ಮಾತಿಲ್ಲ, ಹೋದಲ್ಲೆಲ್ಲ ಅದರ ಬಲದಿಂದ ಇನ್ನೊಂದು ಟಿಕೆಟ್ ಪಡೆದು ತೋರಿಸುವುದು. ಸಾಮಾನ್ಯವಾಗಿ ಅದರ ಆಯುಷ್ಯ 10 ಗಂಟೆ, ಅಂದರೆ 25 ಘಳಿಗೆ. ಆದರೆ ಎರಡೂ ಕಡೆಯ ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಟಿಕೆಟ್ ಅಸಿಂಧು. ಐದು ನಿಮಿಷವೆಂದರೆ ಹನ್ನೆರಡೂವರೆ ವಿಘಳಿಗೆ. ಮದುವೆಯ ಮುಹೂರ್ತವನ್ನೇ ಇದಕ್ಕಿಂತ ಉದಾರವಾಗಿ ಅಳೆಯುವ ನಾಡಿನಲ್ಲಿ ಈ ನಿಯಮ ಕಾರ್ಯರೂಪಕ್ಕೆ ಬಂದಿರುವುದು ಆಶ್ಚರ್ಯ. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟಗಲದ ಸೆಲ್ ಇರುತ್ತದೆ. ಅದು ಸತ್ತರೆ ಗಡಿಯಾರ ಯಾವುದೋ ಗತಕಾಲಕ್ಕೆ ಜಾರುತ್ತದೆ, ನಾಯಿ ಬೊಗಳುತ್ತದೆ, ಪೆಟ್ಟಿಗೆ ಬರುತ್ತದೆ. ಪಾಸ್‌ವರ್ಡು ಸರಿಯಿದೆ, ಮನುಷ್ಯ ಸರಿಯಿದ್ದಾನೆ, ಪಂಚಾಂಗ ಮಾತ್ರ ತಪ್ಪಿದೆ.

ಇನ್ನೊಂದು ಸೂಕ್ಷ್ಮ. ಬ್ರೌಸರಿನ ಸೆಟ್ಟಿಂಗಿನಲ್ಲಿ ಪ್ರಾಕ್ಸಿಯನ್ನು ಹೆಸರಿನಿಂದ ಕರೆದರೆ ಕೆರ್ಬೆರೋಸ್ ಒಲಿಯುತ್ತದೆ. ಅದೇ ಯಂತ್ರವನ್ನು ಐಪಿ ವಿಳಾಸದ ಅಂಕಿಗಳಿಂದ ಕರೆದರೆ ಸಾಮಾನ್ಯವಾಗಿ ಒಲಿಯುವುದಿಲ್ಲ, ಎನ್‌ಟಿಎಲ್‌ಎಂಗೆ ಇಳಿಯುತ್ತದೆ. ಟಿಕೆಟ್ ಬರೆಯುವುದು ಹೆಸರಿಗೇ ಹೊರತು ಅಂಕಿಗಲ್ಲ. ನಾಮಸ್ಮರಣೆಯೇ ಸಾಕೆಂದು ಸಾರಿದ ದಾಸಪಂಥದವರು ಈ ಸಾಕ್ಷ್ಯವನ್ನು ಇನ್ನೂ ಬಳಸಿಕೊಳ್ಳದಿರುವುದು ವಿಷಾದದ ಸಂಗತಿ. ವರ್ಜಿಲನ ಕಾವ್ಯದಲ್ಲಿ ಈ ನಾಯಿಗೆ ಜೇನು ಮತ್ತು ಮಂಪರಿನ ಮದ್ದು ಬೆರೆಸಿದ ಉಂಡೆ ಎಸೆದು ಮಲಗಿಸುತ್ತಾರೆ. ನಮ್ಮ ಕಡೆ ಐಟಿ ವಿಭಾಗಕ್ಕೆ ಮದ್ದೂರು ವಡೆ.

ನಾಲ್ಕು ಮತಗಳಿಗೂ ಸಾಧಾರಣವಾದ ಒಂದು ಆಗಮವಿದೆ, ಪ್ಯಾಕ್ ಫೈಲ್. ನೆಟ್‌ಸ್ಕೇಪ್‌ನವರು 1996ರಲ್ಲಿ ತಂದದ್ದು. ಯಾವ ವಿಳಾಸಕ್ಕೆ ಪ್ರಾಕ್ಸಿ ಬೇಕು, ಯಾವುದಕ್ಕೆ ನೇರ ಹೋಗಬಹುದು ಎಂದು ಬ್ರೌಸರಿಗೆ ಹೇಳುವ ಪುಟ್ಟ ಜಾವಾಸ್ಕ್ರಿಪ್ಟ್ ವಿಧಿವಾಕ್ಯ. ಯಾವ ಕಚೇರಿಗೆ ಹೋದರೂ ಈ ಫೈಲು ಅಪೌರುಷೇಯ. ಬರೆದವರು ಯಾರೆಂದು ಯಾರಿಗೂ ತಿಳಿಯದು, ತಿದ್ದುವ ಧೈರ್ಯ ಯಾರಿಗೂ ಇಲ್ಲ, ಎಂದೋ ಮುಚ್ಚಿಹೋದ ಶಾಖೆಗಳ ಹೆಸರು ಅದರಲ್ಲಿ ಇಂದಿಗೂ ನಿತ್ಯವಾಗಿ ಪಾರಾಯಣವಾಗುತ್ತದೆ. ಫೈರ್‌ಫಾಕ್ಸ್ ಅನುಯಾಯಿಗಳಿಗೆ ಇದರ ಮೇಲೊಂದು ರಹಸ್ಯ ದೀಕ್ಷೆಯೂ ಉಂಟು: ವಿಳಾಸದ ಜಾಗದಲ್ಲಿ ಒಂದು ಮಂತ್ರ ಬರೆದು ಒಳಗಿನ ಸೆಟ್ಟಿಂಗುಗಳ ಗರ್ಭಗುಡಿಗೆ ಹೋಗುವುದು. ಅಲ್ಲಿ ನಂಬಿಕಸ್ಥ ವಿಳಾಸಗಳ ಸಾಲಿನಲ್ಲಿ ಕಚೇರಿಯ ಹೆಸರು ಬರೆದರೆ ಪೆಟ್ಟಿಗೆ ಏಳದೆ ಲಾಗಿನ್ ಆಗುತ್ತದೆ. ಹಿಂದಿನ ಆವೃತ್ತಿಗಳಲ್ಲಿ ಬಾಗಿಲಲ್ಲೇ ಒಂದು ಎಚ್ಚರಿಕೆ ಬಂದು, ಜಾಗ್ರತೆಯಿಂದಿರುತ್ತೇನೆಂದು ಮಾತು ಕೊಡುವ ಗುಂಡಿ ಒತ್ತಿಸಿಕೊಳ್ಳುತ್ತಿತ್ತು. ಮಾತಿಗೆ ಬೆಲೆಯಿದ್ದ ಕಾಲ ಅದು.

ಪಾಸ್‌ವರ್ಡಿನಲ್ಲಿ ವಿಶೇಷ ಚಿಹ್ನೆ ಇರಲೇಬೇಕೆಂದು ಒಂದು ವಿಧಿ. ಕೀಬೋರ್ಡಿನಲ್ಲಿ ಎಲ್ಲರಿಗೂ ಗೊತ್ತಿರುವ ಚಿಹ್ನೆ ಇಮೇಲಿನ ಆಟ್, ಆದ್ದರಿಂದ ನಾಡಿನ ಪಾಸ್‌ವರ್ಡುಗಳಲ್ಲಿ ಅದೇ ಕೂತಿರುತ್ತದೆ. ಆದರೆ ಪ್ರಾಕ್ಸಿಯ ವಿಳಾಸವನ್ನು ಒಂದೇ ಸಾಲಿನಲ್ಲಿ ಬರೆಯುವಾಗ ಹೆಸರು, ಪಾಸ್‌ವರ್ಡು ಮುಗಿದು ಯಂತ್ರದ ಹೆಸರು ಎಲ್ಲಿಂದ ಶುರುವೆಂದು ತೋರಿಸುವುದೂ ಅದೇ ಆಟ್. ಪಾಸ್‌ವರ್ಡಿನೊಳಗೇ ಅದು ಬಂದರೆ ಓದುವ ತಂತ್ರಾಂಶಕ್ಕೆ ಪದಚ್ಛೇದ ತಪ್ಪಿ, ಅರ್ಧ ಪಾಸ್‌ವರ್ಡನ್ನು ಯಂತ್ರವೆಂದು ತಿಳಿದು ಅದನ್ನು ಹುಡುಕಿಕೊಂಡು ಹೊರಟೀತು. ಪರಿಹಾರ ಉಂಟು. ಆಟ್ ಬದಲಿಗೆ ಶೇಕಡಾ ಚಿಹ್ನೆ ಹಾಕಿ ಪಕ್ಕದಲ್ಲಿ 40 ಎಂದು ಬರೆಯುವುದು. ಸಂಧಿಕಾರ್ಯ ಕಲಿಯದೆ ವ್ಯಾಕರಣ ಬಾರದೆಂದು ಪಂಡಿತರು ಬಡಿದುಕೊಂಡದ್ದು ಸುಮ್ಮನೆ ಅಲ್ಲ.

ಈಗ ಗ್ರಂಥದ ಹೃದಯಭಾಗ, ದೋಷಪ್ರಕರಣ. ತರ್ಕಶಾಸ್ತ್ರಜ್ಞರು ವಾದದಲ್ಲಿ ಬರಬಾರದೆಂದು ಹೇಳಿದ ಕೆಲವು ದೋಷಗಳಿವೆ: ಆತ್ಮಾಶ್ರಯ, ಅನ್ಯೋನ್ಯಾಶ್ರಯ, ಚಕ್ರಕ, ಅನವಸ್ಥೆ. ಇವು ನಾಲ್ಕೂ ಬೇರೆ ಬೇರೆ ವಾದಗಳಲ್ಲಿ ಚದುರಿ ಸಿಗುತ್ತವೆ. ನಾಲ್ಕನ್ನೂ ಒಂದೇ ಸೂರಿನಡಿ, ಸೋಮವಾರದಿಂದ ಶುಕ್ರವಾರದವರೆಗೆ ಕಾಣಬೇಕೆಂದರೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವುದಾದರೂ ಕಚೇರಿಗೆ ಬರಬೇಕು. ಪ್ರಾಕ್ಸಿ ಹೊಂದಿಸುವುದು ಹೇಗೆಂದು ವಿವರಿಸುವ ಸಹಾಯಪುಟ ಇಂಟರ್ನೆಟ್ಟಿನಲ್ಲಿರುತ್ತದೆ. ಅದನ್ನು ತೆರೆಯಲು ಪ್ರಾಕ್ಸಿ ಹೊಂದಿಸಿರಬೇಕು. ಇದು ಆತ್ಮಾಶ್ರಯ, ತನ್ನ ಭುಜದ ಮೇಲೆ ತಾನೇ ಹತ್ತುವುದು.

ಅನ್ಯೋನ್ಯಾಶ್ರಯದ ಪ್ರಯೋಗ ಇನ್ನೂ ಸೊಗಸು. ಖಾತೆ ಲಾಕ್ ಆಗಿದೆಯೆಂದು ಹೆಲ್ಪ್‌ಡೆಸ್ಕಿಗೆ ಫೋನು ಮಾಡಿದರೆ ಅಲ್ಲಿಂದ ಬರುವ ಉತ್ತರ ದೇಶಕಾಲಾತೀತ.

"ಟಿಕೆಟ್ ರೈಸ್ ಮಾಡಿದೀರಾ ಸಾರ್?"

"ಟಿಕೆಟ್ ಸೈಟೇ ಓಪನ್ ಆಗ್ತಿಲ್ಲಪ್ಪ. ಪ್ರಾಕ್ಸಿ ಪಾಸ್‌ವರ್ಡ್ ಕೇಳ್ತಿದೆ."

"ಹೌದು ಸಾರ್, ಈಗ ಅದು ಕ್ಲೌಡಿಗೆ ಹೋಗಿದೆ. ಟಿಕೆಟ್ ನಂಬರ್ ಇಲ್ದೆ ಅನ್‌ಲಾಕ್ ಮಾಡೋ ಹಾಗಿಲ್ಲ ಸಾರ್, ಆಡಿಟ್ ಇದೆ."

ಈ ಟಿಕೆಟ್ಟಿಗೂ ಕೆರ್ಬೆರೋಸಿನ ಟಿಕೆಟ್ಟಿಗೂ ಸಂಬಂಧವಿಲ್ಲ; ಅದಿಲ್ಲದೆ ಇದಿಲ್ಲ ಎಂಬುದಷ್ಟೇ ಸಂಬಂಧ. ಲಾಕ್ ತೆಗೆಯಲು ಟಿಕೆಟ್ ಬೇಕು, ಟಿಕೆಟ್ ಎತ್ತಲು ಲಾಕ್ ತೆಗೆದಿರಬೇಕು. ನೈಯಾಯಿಕನಾದರೆ ಇಲ್ಲಿ ವಾದ ಸೋತಿತೆಂದು ಎದ್ದುಹೋಗುತ್ತಿದ್ದ. ಐಟಿ ವಿಭಾಗಕ್ಕೆ ಬೀಜಾಂಕುರ ನ್ಯಾಯದ ಬೆಂಬಲವಿದೆ: ಬೀಜದಿಂದ ಮೊಳಕೆಯೋ ಮೊಳಕೆಯಿಂದ ಬೀಜವೋ ಎಂದು ಯಾರೂ ಕೊನೆ ಕಂಡಿಲ್ಲ, ಆದರೂ ಜಗತ್ತಿನಲ್ಲಿ ಗಿಡ ಬೆಳೆಯುತ್ತಿದೆ. ಅದೇ ಪ್ರಕಾರ ಟಿಕೆಟ್ಟುಗಳೂ ಎಲ್ಲಿಂದಲೋ ಬರುತ್ತಿವೆ, ಮುಚ್ಚಲ್ಪಡುತ್ತಿವೆ. ಆಕ್ಷೇಪವೇನು?

ಚಕ್ರಕಕ್ಕೆ ಮೂವರು ಬೇಕು. ಪಾಸ್‌ವರ್ಡು ಬದಲಿಸುವ ಪುಟ ಒಂದು ಲಿಂಕನ್ನು ಮೇಲಿಗೆ ಕಳಿಸುತ್ತದೆ, ಮೇಲ್ ತೆರೆಯುವುದು ಬ್ರೌಸರಿನಲ್ಲಿ, ಬ್ರೌಸರು ಕೇಳುವುದು ಪಾಸ್‌ವರ್ಡು. ಇದನ್ನು ಹೆಚ್ಚು ವಿವರಿಸಿದರೆ ಓದುಗರೂ ಸುತ್ತತೊಡಗುವ ಅಪಾಯವಿದೆ.

ಅನವಸ್ಥೆ ಮಾತ್ರ ಗೌರವಾರ್ಹವಾದ ದೋಷ, ಏಕೆಂದರೆ ಅದರಿಂದ ಕೆಲಸ ನಡೆಯುತ್ತದೆ. ಎನ್‌ಟಿಎಲ್‌ಎಂ ಬಾರದ ತಂತ್ರಾಂಶಗಳು ಎಷ್ಟೋ ಇವೆ. ಅವುಗಳಿಗಾಗಿ ಸಿಎನ್‌ಟಿಎಲ್‌ಎಂ ಎಂಬ ಸಣ್ಣ ಪ್ರಾಕ್ಸಿಯನ್ನು ನಮ್ಮದೇ ಕಂಪ್ಯೂಟರಿನಲ್ಲಿ ಕೂರಿಸಿಕೊಂಡರೆ, ಅದು ಏನನ್ನೂ ಕೇಳದೆ ನಮ್ಮಿಂದ ಪಡೆದು ಕಚೇರಿಯ ಪ್ರಾಕ್ಸಿಗೆ ನಮ್ಮ ಪರವಾಗಿ ಉತ್ತರ ಕೊಡುತ್ತದೆ. ಪ್ರಾಕ್ಸಿಯ ಮುಂದೆ ನಿಲ್ಲಲು ಒಂದು ಪ್ರಾಕ್ಸಿ. ಶಾಖೆಯ ಸ್ಕ್ವಿಡ್ಡು ಕೇಂದ್ರ ಕಚೇರಿಯ ಸ್ಕ್ವಿಡ್ಡನ್ನು ಕೇಳುವ ವ್ಯವಸ್ಥೆಯೂ ಇದೆ. ಅದರ ಸಂರಚನೆಯ ಭಾಷೆಯಲ್ಲಿ ಮೇಲಿನದನ್ನು ಹೆತ್ತವರೆಂದೂ ಸರಿಸಮಾನವಾದದ್ದನ್ನು ಒಡಹುಟ್ಟಿದವರೆಂದೂ ಕರೆಯುತ್ತಾರೆ. ಹೆತ್ತವರಿಗೆ ಹೆತ್ತವರು, ಅವರಿಗೂ ಹೆತ್ತವರು. ಎಲ್ಲಿಗೆ ನಿಲ್ಲುತ್ತದೆಂದು ಕೇಳಿದರೆ, ಬಜೆಟ್ಟಿಗೆ.

ಖಾತೆ ಲಾಕ್ ಆಗುವ ಕಾರಣವನ್ನು ಹುಡುಕುವುದರಲ್ಲಿ ನಮ್ಮವರು ಎಡವುವುದು ಹೆಚ್ಚು. ಪಾಸ್‌ವರ್ಡು ಬದಲಿಸಿ ಹೊಸದನ್ನು ಸರಿಯಾಗಿಯೇ ಕೊಡುತ್ತಿದ್ದರೂ ಅರ್ಧ ಗಂಟೆಗೊಮ್ಮೆ ಖಾತೆ ಮುಚ್ಚುತ್ತದೆ. ಅನ್‌ಲಾಕ್ ಮಾಡಿಸಿದರೆ ಮತ್ತೆ ಮುಚ್ಚುತ್ತದೆ. ಆಗ ಬಳಕೆದಾರ ತನ್ನ ಬೆರಳನ್ನು ಶಂಕಿಸುತ್ತಾನೆ, ಕೀಬೋರ್ಡನ್ನು ಶಂಕಿಸುತ್ತಾನೆ, ಯಾರೋ ತನ್ನ ಮೇಲೆ ಕಣ್ಣಿಟ್ಟಿದ್ದಾರೆಂದು ಎದುರುಮೇಜಿನವನನ್ನೂ ಶಂಕಿಸುತ್ತಾನೆ. ಅಪರಾಧಿ ಬಹಳ ಸಲ ಅವನ ಜೇಬಿನಲ್ಲೇ ಇರುತ್ತದೆ. ಕಚೇರಿಯ ವೈಫೈಗೆ ಎಂದೋ ಸೇರಿಸಿ ಮರೆತ ಫೋನು ಹಳೆಯ ಪಾಸ್‌ವರ್ಡನ್ನೇ ಹಿಡಿದು ನಿಷ್ಠೆಯಿಂದ ಬಾಗಿಲು ತಟ್ಟುತ್ತಿರುತ್ತದೆ. ಸ್ವಾಮಿನಿಷ್ಠೆಯಿಂದ ಸ್ವಾಮಿಯೇ ಕೆಡುವ ಪ್ರಸಂಗಗಳು ಪುರಾಣದಲ್ಲಿ ಬೇಕಾದಷ್ಟಿವೆ. ಪರಿಶೀಲಿಸಲು ಮಾತ್ರ ಯಾರಿಗೂ ತೋಚುವುದಿಲ್ಲ. ಬ್ರೌಸರಿನ ನೆನಪಿನಲ್ಲಿ, ವಿಂಡೋಸಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಉಳಿದ ಹಳೆಯ ಪಾಸ್‌ವರ್ಡುಗಳೂ ಇದೇ ಜಾತಿ. ಇದಕ್ಕೆಲ್ಲ ಪ್ರಾಯಶ್ಚಿತ್ತ ಮೊದಲು ಫೋನಿನ ವೈಫೈ ಆರಿಸುವುದು, ಉಳಿದ ಪೂಜೆ ಆಮೇಲೆ.

ನಾಸ್ತಿಕರ ವಿಚಾರವನ್ನೂ ಮುಚ್ಚಿಡುವಂತಿಲ್ಲ. ಅವರದು ಹಾಟ್‌ಸ್ಪಾಟ್ ಮತ. ಚಾರ್ವಾಕನಂತೆ ಅವರಿಗೆ ಪ್ರತ್ಯಕ್ಷವೊಂದೇ ಪ್ರಮಾಣ: ಪುಟ ತೆರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಪ್ಯಾಕ್ ಫೈಲೆಂಬ ಆಗಮ ಒಪ್ಪುವುದಿಲ್ಲ, ನಾಯಿಗೆ ಹೆದರುವುದಿಲ್ಲ, ತಿಂಗಳ ಕೊನೆಗೆ ಡೇಟಾ ಖಾಲಿಯಾದರೆ ಪಕ್ಕದವರ ಫೋನಿನಿಂದ ಸಾಲ ತರುತ್ತಾರೆ. ಕಚೇರಿಯ ಶ್ರೌತಾಚಾರದಲ್ಲಿ ಇದು ಘೋರ ನಿಷಿದ್ಧ. ನೆಟ್ ಇಲ್ಲದಾಗ ಕ್ರೋಮ್ ತೋರಿಸುವ, 2014ರಿಂದ ಓಡುತ್ತಲೇ ಇರುವ ಡೈನೋಸಾರಿನ ಆಟವನ್ನು ಕೂಡ ಆಡಳಿತದವರು ನಿಲ್ಲಿಸಬಹುದು. ಅದಕ್ಕೆಂದೇ ಪ್ರತ್ಯೇಕ ನೀತಿಯೊಂದು ಬ್ರೌಸರಿನಲ್ಲಿದೆ.

ಕೊನೆಯದಾಗಿ ಆಚಾರಪ್ರಕರಣ. 90 ದಿನಕ್ಕೊಮ್ಮೆ ಪಾಸ್‌ವರ್ಡು ಬದಲಿಸಿ, ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಿ ಎಂಬ ವಿಧಿಗೆ ಬಲ ಕೊಟ್ಟ ಗ್ರಂಥವೊಂದಿದೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಗಾಗಿ ಬಿಲ್ ಬರ್ 2003ರಲ್ಲಿ ಬರೆದದ್ದು. 2017ರಲ್ಲಿ, ನಿವೃತ್ತರಾದ ಮೇಲೆ, ಹಾಗೆ ಬರೆದದ್ದಕ್ಕೆ ಪಶ್ಚಾತ್ತಾಪವಾಗುತ್ತಿದೆಯೆಂದು ಅವರು ಪತ್ರಿಕೆಯೊಂದಕ್ಕೆ ಹೇಳಿಬಿಟ್ಟರು. ಅದೇ ವರ್ಷ ಸಂಸ್ಥೆಯೂ ಕಾರಣವಿಲ್ಲದೆ ಕಾಲಕಾಲಕ್ಕೆ ಬದಲಿಸಲು ಒತ್ತಾಯಿಸಬಾರದೆಂದು ಹೊಸ ನಿಯಮ ತಂದಿತು. ಋಷಿಯೇ ಸೂತ್ರ ಹಿಂತೆಗೆದುಕೊಂಡ ಮೇಲೂ ಆಚಾರ ನಿಲ್ಲದೆ ನಡೆದುಕೊಂಡು ಬರುವುದೇ ಸಂಪ್ರದಾಯದ ಲಕ್ಷಣ. ನಮ್ಮ ಕಚೇರಿಗಳು ಸಂಪ್ರದಾಯಸ್ಥ.

ಈ ಆಚಾರವನ್ನು ಲೋಪವಿಲ್ಲದೆ ನಡೆಸಿದವರು ಒಬ್ಬರಿದ್ದಾರೆ, ಲೆಕ್ಕಪತ್ರ ವಿಭಾಗದ ಹಿರಿಯರು. ವಿಂಡೋಸಿನ ನೀತಿಯಲ್ಲಿ ಹಿಂದಿನ ಪಾಸ್‌ವರ್ಡುಗಳನ್ನು ನೆನಪಿಟ್ಟುಕೊಳ್ಳುವ ಮಿತಿ ಹೆಚ್ಚೆಂದರೆ 24. ಹಿರಿಯರ ಬಳಿ 60 ಇವೆ. ಅವರು ಪ್ರಭವದಿಂದ ಶುರುಮಾಡಿ ಸಂವತ್ಸರಗಳ ಹೆಸರನ್ನು ಕ್ರಮವಾಗಿ ಒಂದೊಂದಾಗಿ ಹಾಕುತ್ತ ಬಂದಿದ್ದಾರೆ, ಮುಂದೊಂದು ಅಂಕಿ, ಹಿಂದೊಂದು ಚಿಹ್ನೆ. ಆಟ್ ಚಿಹ್ನೆಯ ಗೊಡವೆಗೆ ಹೋಗಿಲ್ಲ. 90 ದಿನಕ್ಕೊಂದರಂತೆ ಒಂದು ಸುತ್ತು ಮುಗಿಯಲು 14 ವರ್ಷ 9 ತಿಂಗಳು ಬೇಕು, ರಾಮನ ವನವಾಸಕ್ಕಿಂತ ಒಂಬತ್ತು ತಿಂಗಳು ಜಾಸ್ತಿ. ಕೊನೆಯ ಸಂವತ್ಸರ ಬರುವುದರೊಳಗೆ ಅವರಿಗೆ ಪಿಂಚಣಿ ಬರುತ್ತದೆ. ಸದ್ಯ ಎಲ್ಲಿದ್ದಾರೆಂದು ಇಲ್ಲಿ ಬರೆಯುವಂತಿಲ್ಲ. ಅವರ ಖಾತೆ ಒಂದೇ ಒಂದು ಸಲ ಲಾಕ್ ಆದದ್ದುಂಟು, ಯುಗಾದಿಯ ಮರುದಿನ. ಹಿಂದಿನ ದಿನವೆಲ್ಲ ಪಂಚಾಂಗ ಶ್ರವಣ, ಸಂಕಲ್ಪ ಎಂದು ಬಾಯಲ್ಲಿ ಓಡಾಡುತ್ತಿದ್ದ ನಿಜವಾದ ಸಂವತ್ಸರದ ಹೆಸರನ್ನೇ ಕೈ ಟೈಪಿಸಿತ್ತು. ಕಾರಣವನ್ನು ಅವರು ಹೆಲ್ಪ್‌ಡೆಸ್ಕಿನ ಹುಡುಗನಿಗೆ ಪ್ರಭವ ವಿಭವದಿಂದಲೇ ಬಿಡಿಸಿ ಹೇಳಿದರಂತೆ. ಅವನು ಕೇಳಿಸಿಕೊಂಡು ಟಿಕೆಟ್ಟಿನಲ್ಲಿ ಬರೆದದ್ದು, ಗಡಿಯಾರದ ವ್ಯತ್ಯಾಸ.